ಸೀಸೆಯಲ್ಲಿ ತುಂಬಿದ ವಂಶಾವಳಿ

ವಿದೇಶೀ ಸುಗಂಧದ ಸೀಸೆಯು ಇಂದು ಬಳ್ಳಾರಿಯ ಅಂಗಡಿಗಳನ್ನು ದಾಟಿ ರೂಪನಗುಡಿಯಂತಹ ಊರಿನ ಮದುವೆಮನೆಯ ಉಡುಗೊರೆಯಾಗಿಯೂ ಬರುತ್ತಿದೆ. ಅದರೊಡನೆ ಮಾರಾಟವಾಗುವುದು ಕಂಪು ಮಾತ್ರವಲ್ಲ, ಒಂದು ಮನೆತನದ ಪರಂಪರೆಯೂ ಹೌದು. ಆ ಪರಂಪರೆಯ ಬೆಲೆಯನ್ನು ಶ್ರಾವಕನು ಏಕೆ ತೆರಬೇಕು?

1884ರಲ್ಲಿ ರೋಮ್ ನಗರದಲ್ಲಿ ಸೊತಿರಿಯೊ ಬುಲ್ಗರಿ ಎಂಬ ಬೆಳ್ಳಿ ಕೆಲಸದವನು ಅಂಗಡಿ ತೆರೆದನು. ಆ ಹೆಸರಿನಲ್ಲಿ 1992ರಲ್ಲಿ ಹೊರಬಂದ ಹಸಿರು ಚಹದ ಸುಗಂಧವು ಜಗತ್ಪ್ರಸಿದ್ಧವಾಯಿತು. ಬಳಿಕ ಕಿತ್ತಳೆ, ಬರ್ಗಮಾಟ್, ಚಹ ಸೇರಿದ ಸುಗಂಧಗಳ ಸಾಲೇ ಬಂದಿತು. ಅದನ್ನು ರಚಿಸಿದ ಜಾನ್ ಕ್ಲೋದ್ ಎಲೆನಾ ಚಹದ ಭಾವನೆಯನ್ನು ಮೂಡಿಸಿದ್ದು ಮುಖ್ಯವಾಗಿ ಅಯೋನೋನ್, ಹೆಡಿಯೋನ್ ಎಂಬ ರಾಸಾಯನಿಕಗಳಿಂದ. ಇನ್ನು ಮನೆತನವೋ? 2011ರಲ್ಲಿ ಆ ಸಂಸ್ಥೆಯೇ ಫ್ರಾನ್ಸಿನ ಎಲ್‌ವಿಎಂಎಚ್ ಸಮೂಹದ ಪಾಲಾಯಿತು. ಕುಟುಂಬವೇ ಮಾರಿದ ಹೆಸರನ್ನು ನಮ್ಮವರು ಕುಲಗೌರವವೆಂದು ಮೈಗೆ ಪೂಸಿಕೊಳ್ಳುತ್ತಾರೆ! ಜೀನ್ಸ್ ಹೊಲಿಯುವ ಬಳ್ಳಾರಿಯ ವರ್ತಕರಿಗೆ ಇದನ್ನು ವಿವರಿಸಬೇಕಿಲ್ಲ. ಬಟ್ಟೆಯ ಬೆಲೆ ಎಷ್ಟು, ಅದರ ಮೇಲಿನ ಚೀಟಿಯ ಬೆಲೆ ಎಷ್ಟು ಎಂಬುದು ಅವರಿಗೆ ಕರತಲಾಮಲಕ.

ಇದರಲ್ಲಿ ಹಿಂಸೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಕಸ್ತೂರಿ, ಪುನುಗುಗಳ ಸ್ಥಾನವನ್ನು ಈಗ ಬಹುಮಟ್ಟಿಗೆ ಕೃತಕ ದ್ರವ್ಯಗಳು ಪಡೆದಿವೆ. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಆಮದನ್ನು ಭಾರತವು 2014ರಲ್ಲಿಯೇ ನಿಷೇಧಿಸಿದೆ. ಒಪ್ಪೋಣ. ಸೀಸೆಯ ಬಹುಭಾಗ ಮದ್ಯಸಾರ. ಅದು ಕುಡಿಯುವುದಲ್ಲ ಎಂಬುದನ್ನೂ ಒಪ್ಪೋಣ. (ಮದ್ಯತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸುವ ಮನೆಗಳಲ್ಲಿ ಈ ಪ್ರಶ್ನೆಯೇ ಏಳದಿರುವುದು ಮಾತ್ರ ಸೋಜಿಗ.) ಆದರೆ ಅಹಿಂಸೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ವಸ್ತುವು ಅಪರಿಗ್ರಹದ ಪರೀಕ್ಷೆಯಿಂದ ತಾನಾಗಿ ಪಾರಾಗುವುದಿಲ್ಲ. ಭೋಗೋಪಭೋಗ ಪರಿಮಾಣವ್ರತವು ಗೃಹಸ್ಥನಿಗೆ ಹೇಳಿದ್ದು. ಒಮ್ಮೆ ಬಳಸಿ ಮುಗಿಯುವ ಅನ್ನ, ಗಂಧ, ಮಾಲೆಗಳು ಭೋಗದ ಎಣಿಕೆಯಲ್ಲಿವೆ. ಹಸಿವಿಗಾದರೋ ಅನ್ನದಿಂದ ತೃಪ್ತಿಯುಂಟು. ಹೆಸರಿನ ಹಸಿವಿಗೆ ಯಾವ ಸೀಸೆ ಕೊನೆಯದು?

ಹಾಗಾದರೆ ಜಿನಧರ್ಮವು ಗಂಧದ ವಿರೋಧಿಯೇ? ಅಲ್ಲ. ಅಷ್ಟವಿಧಾರ್ಚನೆಯಲ್ಲಿ ಜಲದ ಮರುಕ್ಷಣವೇ ಗಂಧ. ಅಲ್ಲಿ ಅದು ಅರ್ಪಣೆ. ತೇಯ್ದವರ ಕುಲವನ್ನಾಗಲಿ ಅಂಗಡಿಯನ್ನಾಗಲಿ ಯಾರೂ ಕೇಳುವುದಿಲ್ಲ. 1916ರಲ್ಲಿ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭವಾದ ನಾಡಿಗೆ ಪರಿಮಳದ ಪರಂಪರೆಯನ್ನು ರೋಮಿನಿಂದ ಎರವಲು ತರುವ ದಾರಿದ್ರ್ಯವೂ ಇಲ್ಲ.

ಬಸದಿಗಳ ಟ್ರಸ್ಟುಗಳು ದಾನಿಗಳ ಸನ್ಮಾನದ ತಟ್ಟೆಯಲ್ಲಿ ಇಂತಹ ಸೀಸೆಗಳಿಗೆ ಎಡೆಗೊಡಬಾರದು. ಮದುವೆಯ ಉಡುಗೊರೆಯ ಚೀಟಿಯಿಂದ ಅದನ್ನು ಹೊಡೆದುಹಾಕುವ ಕೆಲಸವನ್ನು ವರನ ಕಡೆಯವರು ಮೊದಲು ಮಾಡಬೇಕು. ವಧುವಿನ ತಂದೆ ಅದನ್ನು ಕೇಳಲಾರನು.