ಗಿಳಿಮೀನು ಜಗಿದು ಕಟ್ಟಿದ ನೆಲ

ಮಳೆಗಾಲ ಕಳೆದ ಮೇಲೆ ಮಂಗಳೂರಿನ ಹಳೇ ಬಂದರಿನ ಕಡೆ ಹೋದವರಿಗೆ ಧಕ್ಕೆಗೆ ಒತ್ತಿಕೊಂಡು ನಿಂತ ಮರದ ಮಂಜಿಗಳು ಕಣ್ಣಿಗೆ ಬೀಳುತ್ತವೆ. ಲಕ್ಷದ್ವೀಪಕ್ಕೆ ಹೊರಡುವ ಹಡಗುಗಳು ಅವು. ಅವುಗಳಿಗೆ ಈರುಳ್ಳಿ, ತರಕಾರಿ ಹೇರುವುದರಲ್ಲಿ ಅಚ್ಚರಿಯೇನಿಲ್ಲ. ಆದರೆ ಸಿಮೆಂಟಿನ ಜೊತೆ ಜಲ್ಲಿಕಲ್ಲು, ಮರಳು ಕೂಡ ಹೋಗುತ್ತದೆ. ಸುತ್ತಲೂ ಬೆಳ್ಳಗೆ ಹೊಳೆಯುವ ಮರಳಿನ ದಂಡೆ, ನೀರಿನೊಳಗೆ ಕಲ್ಲಿನ ಗೋಡೆ ಇರುವ ದ್ವೀಪಗಳಿಗೆ ಮಂಗಳೂರಿನಿಂದ ಮರಳು ಹೊತ್ತೊಯ್ಯುವುದೆಂದರೆ ಏನರ್ಥ?

ಅರ್ಥ ಇಷ್ಟೇ: ಅಲ್ಲಿನ ಕಲ್ಲು ಕಲ್ಲಲ್ಲ, ಹವಳ. ಅಲ್ಲಿನ ಮರಳೂ ಹವಳದ ಪುಡಿಯೇ. ಅದನ್ನು ತೋಡಿ ಮನೆ ಕಟ್ಟಿದರೆ ಮನೆ ನಿಲ್ಲಲು ನೆಲ ಉಳಿಯುವುದಿಲ್ಲ.

ಮಂಗಳೂರಿಗೂ ಈ ದ್ವೀಪಗಳಿಗೂ ನಂಟು ಹಳೆಯದು. ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಹೊಸ ರೂಪ ಬಂದ ದಿನವೇ, ಅವು ದಕ್ಷಿಣದ ದ್ವೀಪಗಳ ಜೊತೆಗೂಡಿ ಕೇಂದ್ರಾಡಳಿತ ಪ್ರದೇಶವಾದವು. ಅದಕ್ಕೂ ಹಳೆಯ ನಂಟೊಂದು ನೆಲದಡಿ ಇದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯೊಡಲಿನ ಒಂದು ಬಿಸಿ ಚಿಲುಮೆ ಲಾವಾ ಉಕ್ಕಿಸಿ ದಖನ್ ಪ್ರಸ್ಥಭೂಮಿಯ ಕಪ್ಪುಶಿಲೆಯನ್ನು ಹಾಸಿತು. ವಿಜಯಪುರ, ಕಲಬುರಗಿಯ ಎರೆಮಣ್ಣು ಆ ಶಿಲೆಯ ಪುಡಿ. ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಚಿಲುಮೆ ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳ ಸಾಲನ್ನೇ ಎಬ್ಬಿಸಿತು. ಆ ಸಾಲಿನ ತುದಿಗಳ ಮೇಲೆ ಕೂತಿವೆ ಲಕ್ಷದ್ವೀಪ, ಮಾಲ್ಡೀವ್ಸ್‌ಗಳು.

ಜ್ವಾಲಾಮುಖಿಗಳು ಆರಿ, ನಿಧಾನವಾಗಿ ಕುಸಿದವು. ಅವುಗಳ ದಡಕ್ಕೆ ಅಂಟಿಕೊಂಡಿದ್ದ ಹವಳ ಮಾತ್ರ ಬೆಳಕಿನ ಆಸೆಗೆ ಮೇಲೆ ಮೇಲೆ ಬೆಳೆಯುತ್ತ ಹೋಯಿತು. ಬೆಟ್ಟ ಮುಳುಗಿದರೂ ಬೆಟ್ಟದ ಸುತ್ತಲಿನ ಹವಳದ ಉಂಗುರ ಉಳಿಯಿತು. ಇದನ್ನು ಮೊದಲು ಊಹಿಸಿ 1842ರಲ್ಲಿ ಪುಸ್ತಕ ಬರೆದವನು ಚಾರ್ಲ್ಸ್ ಡಾರ್ವಿನ್. ಅವನ ಊಹೆ ನಿಜವೆಂದು ಗಟ್ಟಿಯಾಗಲು 110 ವರ್ಷ ಬೇಕಾಯಿತು. ಅಮೆರಿಕದವರು ಹೈಡ್ರೋಜನ್ ಬಾಂಬ್ ಸಿಡಿಸುವ ಮುನ್ನ 1952ರಲ್ಲಿ ಪೆಸಿಫಿಕ್‌ನ ಎನೆವೆಟಾಕ್ ದ್ವೀಪದಲ್ಲಿ ಕೊಳವೆ ಕೊರೆದಾಗ ಸುಮಾರು 1,400 ಮೀಟರ್ ಸುಣ್ಣದ ಪದರ ದಾಟಿದ ಮೇಲೆ ಜ್ವಾಲಾಮುಖಿಯ ಕಪ್ಪುಕಲ್ಲು ಸಿಕ್ಕಿತು. ವಿಜ್ಞಾನಕ್ಕೆ ಸಾಕ್ಷ್ಯ ಎಂತೆಂಥ ದಾರಿಯಲ್ಲಿ ಬರುತ್ತದೆ ನೋಡಿ.

ಉಂಗುರದ ಒಳಗಿನ ಆಳವಿಲ್ಲದ, ಹಸಿರು ನೀಲಿಯ ನೀರೇ ಲಗೂನ್. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್; ಲಗೂನ್‌ಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ಅಂದರೆ ನೆಲಕ್ಕಿಂತ ನೂರಮೂವತ್ತು ಪಟ್ಟು. ಆ ಚೂರು ನೆಲದ ಮೇಲೆ, ಹತ್ತು ದ್ವೀಪಗಳಲ್ಲಿ, 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನ. ನೆಲದ ಎತ್ತರ ಸಮುದ್ರಮಟ್ಟದಿಂದ ಒಂದೆರಡು ಆಳು ದಾಟಿದರೆ ಹೆಚ್ಚು. ನದಿಯಿಲ್ಲ, ಗುಡ್ಡವಿಲ್ಲ. ಮಳೆಯ ಸಿಹಿನೀರು ಮರಳಿನೊಳಕ್ಕೆ ಇಂಗಿ, ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಬಾವಿಗಳಿಗೆ ಅದೇ ಜಲ. ಮುಂಗಾರಿನ ಅಲೆಗಳು ಈ ನೆಲವನ್ನು ಕೊಚ್ಚಿಕೊಂಡು ಹೋಗದಂತೆ ತಡೆಯುವುದು ಉಂಗುರದ ಹೊರಗೋಡೆ. ಆ ಗೋಡೆಗೆ ಜೀವವಿದೆ.

ಹವಳ ಎಂದೊಡನೆ ಅಜ್ಜಿಯ ಕೊರಳಿನ ಕೆಂಪು ಸರ ನೆನಪಾದೀತು. ಅದು ಬೇರೆ ಕುಲ. ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಸರಕು. ದ್ವೀಪ ಕಟ್ಟುವ ಹವಳ ಸಾಸಿವೆಯಿಂದ ಅವರೆಕಾಳಿನ ಗಾತ್ರದ ಮೆತ್ತನೆ ಜೀವಿಗಳ ವಠಾರ. ಒಂದೊಂದೂ ತನ್ನ ಬುಡಕ್ಕೆ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಬಾಡಿಗೆಗೆ ಕೂತ ಸೂಕ್ಷ್ಮ ಪಾಚಿಗಳಿರುತ್ತವೆ. ಅವು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಹುಪಾಲನ್ನು ಮನೆಯೊಡೆಯನಿಗೇ ಕೊಡುತ್ತವೆ. ಹವಳಕ್ಕೆ ಬಣ್ಣ ಕೊಡುವುದೂ ಬಹುಮಟ್ಟಿಗೆ ಈ ಬಾಡಿಗೆದಾರರೇ. ಉಂಡೆಯಾಕಾರದ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್‌ನಷ್ಟು ಬೆಳೆದರೆ ಕೊಂಬೆ ಹವಳ ಹತ್ತು ಸೆಂಟಿಮೀಟರ್ ಬೆಳೆದೀತು.

ಗೋಡೆ ಕಟ್ಟುವವರು ಇವರು. ಮರಳು ಮಾಡುವವರು ಬೇರೆ. ಗಿಳಿಯ ಕೊಕ್ಕಿನಂಥ ಹಲ್ಲಿರುವ ಗಿಳಿಮೀನುಗಳು ಹವಳದ ಕಲ್ಲನ್ನು ಕೆರೆದು, ಅದರ ಮೇಲಿನ ಪಾಚಿ ತಿಂದು, ಸುಣ್ಣವನ್ನು ನುಣ್ಣಗೆ ಅರೆದು ಹಿಂದಿನಿಂದ ಬಿಡುತ್ತವೆ. ಶಾಲೆಯಲ್ಲಿ ಹೇಳಿದರೆ ಮಕ್ಕಳು ನಕ್ಕಾರು, ಆದರೆ ಪ್ರವಾಸಿಗಳು ಮೈಚೆಲ್ಲಿ ಮಲಗುವ ಬಿಳಿ ಮರಳಿನ ದೊಡ್ಡ ಪಾಲು ಇದೇ. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದಲ್ಲಿ ಲೆಕ್ಕ ಹಾಕಿದವರು 2015ರಲ್ಲಿ ಹೇಳಿದ್ದು, ಹೊಸದಾಗಿ ಹುಟ್ಟುವ ಮರಳಿನಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಗಿಳಿಮೀನುಗಳ ದುಡಿಮೆ ಎಂದು. ಈ ಕುಲದ ದೈತ್ಯ, ಹಣೆಯ ಮೇಲೆ ಗುಬುಟಿರುವ ಗಿಳಿಮೀನು, ಒಂದೊಂದೂ ವರ್ಷಕ್ಕೆ ಐದು ಟನ್‌ಗೂ ಹೆಚ್ಚು ಸುಣ್ಣವನ್ನು ಜಗಿಯುತ್ತದೆ. ಒಂದು ಲಾರಿ ಲೋಡು!

ಇನ್ನು ಕಷ್ಟದ ಕಥೆ. 1998ರ ಬೇಸಿಗೆಯಲ್ಲಿ, ಎಲ್ ನಿನೋ ಜೋರಾಗಿದ್ದ ಕಾಲ, ಹಿಂದೂ ಮಹಾಸಾಗರದ ನೀರು ಕಾದಿತು. ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನ ಬಾಡಿಗೆದಾರ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣ ಹೋಗಿ ಒಳಗಿನ ಸುಣ್ಣ ಕಾಣುತ್ತದೆ. ಇದೇ ಬಿಳಿಚುವಿಕೆ. ನೀರು ಬೇಗ ತಣಿದರೆ ಪಾಚಿ ಮರಳೀತು. ಇಲ್ಲವಾದರೆ ಉಪವಾಸ ಸಾವು. ಆ ವರ್ಷ ಜಗತ್ತಿನ ಹವಳದಲ್ಲಿ ನೂರಕ್ಕೆ 16ರಷ್ಟು ಸತ್ತಿತೆಂದು ಅಂದಾಜು. ಲಕ್ಷದ್ವೀಪದ ದಿಬ್ಬಗಳೂ ಹಾಗೇ ಸುಣ್ಣ ಬಳಿದ ಸ್ಮಶಾನಗಳಾದವು.

ಮುಂದೆ ಆದದ್ದು ಹೆಚ್ಚು ಕುತೂಹಲದ್ದು. ಎಷ್ಟೋ ಸಮುದ್ರಗಳಲ್ಲಿ ಸತ್ತ ಹವಳದ ಮೇಲೆ ಪಾಚಿ ಕಂಬಳಿಯಂತೆ ಹರಡಿ, ಹೊಸ ಹವಳದ ಮರಿಗೆ ಅಂಟಲು ಜಾಗವೇ ಇಲ್ಲದಂತಾಗುತ್ತದೆ. ಲಕ್ಷದ್ವೀಪದಲ್ಲಿ ಹಾಗಾಗಲಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತವರ ಸಂಗಡಿಗರು ಆ ವರ್ಷದಿಂದ ಅದೇ ದಿಬ್ಬಗಳಿಗೆ ಮತ್ತೆ ಮತ್ತೆ ಮುಳುಗಿ ನೋಡುತ್ತ ಬಂದಿದ್ದಾರೆ. ಕೆಲವೇ ವರ್ಷಗಳಲ್ಲಿ ಹಲವು ಕಡೆ ಹವಳ ಮತ್ತೆ ಚಿಗುರಿತು. ಪಾಚಿಯನ್ನು ಮೇಯುವ ಗಿಳಿಮೀನು, ಸರ್ಜನ್ ಮೀನುಗಳ ಹಿಂಡು ಅಲ್ಲಿ ದಂಡಿಯಾಗಿತ್ತು. ನೆಲ ಗುಡಿಸಿಟ್ಟಂತೆ ಇತ್ತು.

ಅಷ್ಟು ಮೀನು ಉಳಿದದ್ದು ಹೇಗೆ? ರಕ್ಷಿತ ವನದ ಬೇಲಿಯಿಂದಲ್ಲ, ಕಾನೂನಿನಿಂದಲೂ ಅಲ್ಲ. ಕರಾವಳಿ ನಿಯಂತ್ರಣ ಅಧಿಸೂಚನೆ ಬಂದದ್ದು 1991ರಲ್ಲಿ. ಹವಳಕ್ಕೆ ವನ್ಯಜೀವಿ ಕಾಯ್ದೆಯಡಿ ಹುಲಿಗೆ ಸಮನಾದ ರಕ್ಷಣೆ ಸಿಕ್ಕಿದ್ದು 2001ರಲ್ಲಿ. ಮೀನನ್ನು ಉಳಿಸಿದ್ದು ಊಟದ ತಟ್ಟೆ. ಲಕ್ಷದ್ವೀಪದವರ ಮೀನೆಂದರೆ ಟ್ಯೂನಾ, ನಮ್ಮ ಬಂಗುಡೆಯದೇ ಕುಟುಂಬದ ದೊಡ್ಡಣ್ಣ. ದಕ್ಷಿಣ ತುದಿಯ ಮಿನಿಕಾಯ್‌ನಲ್ಲಿ ಅದನ್ನು ಹಿಡಿಯುವ ಕಲೆ ಬಹು ಹಳೆಯದು. ಲಗೂನ್‌ನಲ್ಲಿ ಸಣ್ಣ ಮೀನುಗಳನ್ನು ಬಲೆಯಲ್ಲಿ ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಟ್ಯೂನಾ ಹಿಂಡು ಕಂಡೊಡನೆ ಅವನ್ನು ಎರಚಿ, ಮೀನು ಕುಣಿದಂತೆ ಕಾಣಲು ನೀರನ್ನೂ ಚಿಮುಕಿಸುತ್ತಾರೆ. ದೋಣಿಯ ಹಿಂಭಾಗದಲ್ಲಿ ಸಾಲಾಗಿ ನಿಂತವರು ಗಳುವಿನ ತುದಿಯ, ಮುಳ್ಳಿಲ್ಲದ ಕೊಕ್ಕೆಯಿಂದ ಒಂದೊಂದೇ ಮೀನನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ. 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಯಂತ್ರದೋಣಿಗಳನ್ನು ಕೊಟ್ಟು ಈ ಪದ್ಧತಿಯನ್ನು ಉಳಿದ ದ್ವೀಪಗಳಿಗೂ ಹರಡಿತು. ಟ್ಯೂನಾ ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಂತೆ ಒಣಗಿಸಿದರೆ ಅದೇ ‘ಮಾಸ್’. ದೂರದ ಪೇಟೆಗೂ ಹೋಗುತ್ತದೆ.

ಇಲಾಖೆಗೆ ಬೇಕಿದ್ದದ್ದು ಜನರ ವರಮಾನ. ಹವಳ ಆಗ ಯಾರ ಕಡತದಲ್ಲೂ ಇರಲಿಲ್ಲ. ಆದರೂ ಜನ ಹೊರಗಡಲಿನತ್ತ ಮುಖ ಮಾಡಿದ್ದರಿಂದ ದಿಬ್ಬದ ಮೀನು ತನ್ನ ಪಾಡಿಗೆ ತಾನು ಮೇಯುತ್ತ ಉಳಿಯಿತು. ಹವಳದ ಋಣ ತಿರುಗಿಯೂ ಬಂತು: ಟ್ಯೂನಾಕ್ಕೆ ಎರಚುವ ಸಣ್ಣ ಮೀನುಗಳಲ್ಲಿ ಹಲವು ಹವಳದ ಕೊಂಬೆಗಳಲ್ಲೇ ಅಡಗಿ ಬದುಕುವಂಥವು.

ಈ ಏರ್ಪಾಟಿಗೆ ಈಗ ಎರಡು ಕಡೆಯಿಂದ ಪೆಟ್ಟು. ಒಂದು, ಬಿಸಿ. 1998ರ ನಂತರ 2010ರಲ್ಲಿ, ಆಮೇಲೆ 2016ರಲ್ಲಿ, ಮತ್ತೆ 2024ರಲ್ಲಿ ನೀರು ಕಾದು ಹವಳ ಬಿಳಿಚಿತು. ನಡುವಿನ ಅಂತರ ಹನ್ನೆರಡು, ಆರು, ಎಂಟು ವರ್ಷ. ಒಂದು ಸಮಾಧಾನವೆಂದರೆ ಪ್ರತಿ ಸಲ ಸಾಯುವ ಪ್ರಮಾಣ ಕಡಿಮೆಯಾಗಿದೆ, ಬಿಸಿ ತಡೆಯುವ ಗಟ್ಟಿ ಜಾತಿಗಳು ಉಳಿದಿವೆ. ಆದರೆ ಚೇತರಿಕೆಯೂ ನಿಧಾನವಾಗಿದೆ. ಅಗತ್ತಿ, ಕಡಮತ್, ಕವರತ್ತಿಯ 24 ವರ್ಷಗಳ ಲೆಕ್ಕ 2025ರಲ್ಲಿ ಪ್ರಕಟವಾಯಿತು: 1998ರಲ್ಲಿ ನೂರಕ್ಕೆ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ 20ಕ್ಕಿಂತ ಕೆಳಗೆ ಇಳಿದಿತ್ತು. ಬಿಸಿಯಿಲ್ಲದ ಆರು ವರ್ಷ ಕಳೆದ ಮೇಲಷ್ಟೇ ಬೆಳವಣಿಗೆ ಚುರುಕಾಗುತ್ತದೆ ಎಂದೂ ಆ ಅಧ್ಯಯನ ಹೇಳಿತು. ಪರೀಕ್ಷೆಗೆ ಓದಲು ಕೂತವನನ್ನು ಪ್ರತಿ ಅಧ್ಯಾಯದ ನಡುವೆ ಎಬ್ಬಿಸಿದಂತೆ.

ಇನ್ನೊಂದು, ಪೇಟೆ. ದಿಬ್ಬದ ಮೀನಿಗೆ ಈಗ ಬೆಲೆ ಬಂದಿದೆ. ಮಂಗಳೂರು ಕಡೆ ಮುರು ಮೀನು ಎನ್ನುವ ಗ್ರೂಪರ್, ಗಿಳಿಮೀನು ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಪ್ರವಾಸಿಯ ತಟ್ಟೆಗೂ ಬೇಕು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮುಖ್ಯಭೂಮಿಗೂ ಹೋಗುತ್ತದೆ. ಟ್ಯೂನಾ ಸಿಗದ ದಿನ ಸಾಲದ ಕಂತು ಕಟ್ಟಬೇಕಾದ ದೋಣಿಯವನು ದಿಬ್ಬದ ಕಡೆ ತಿರುಗಿದರೆ ಅವನನ್ನು ಬೈಯುವುದು ಸುಲಭ, ನ್ಯಾಯವಲ್ಲ. ಸಮುದ್ರ ಕಾಯಿಸಿದ ಹೊಗೆಯಲ್ಲಿ ಅವನ ಪಾಲು ಎಷ್ಟು? ಬೆಂಗಳೂರಿನ ಒಂದು ಬೀದಿಯ ವಾಹನಗಳಷ್ಟೂ ಆಗಲಾರದು. ಆದರೂ ಬಿಸಿಯನ್ನು ಕವರತ್ತಿಯಲ್ಲಿ ಕೂತು ಇಳಿಸಲಾಗದು. ಮೀನನ್ನು ಬಿಡುವ ನಿರ್ಧಾರವನ್ನು ಮಾತ್ರ ಅಲ್ಲೇ ಮಾಡಬಹುದು. ಇದೇ ಈ ವಿಷಯದ ಕಹಿ.

ಹವಳದ ತುಂಡುಗಳನ್ನು ಚೌಕಟ್ಟಿಗೆ ಕಟ್ಟಿ ನೆಡುವ ಕೆಲಸಗಳೂ ನಡೆದಿವೆ. ಮನ್ನಾರ್ ಕೊಲ್ಲಿಯಲ್ಲಿ ಅವು ಫಲ ಕೊಟ್ಟದ್ದೂ ಉಂಟು. ಸುಣ್ಣಕ್ಕಾಗಿ ಹವಳ ಅಗೆದು ಬರಿದಾದ ಜಾಗಕ್ಕೆ ಅದು ಸರಿ. ಸಾವಿರಾರು ಚದರ ಕಿಲೋಮೀಟರ್‌ಗೆ ಕೈಯಿಂದ ಸಸಿ ನೆಡುತ್ತೇವೆಂದರೆ ಅದು ಫೋಟೋಕ್ಕೆ ಚೆಂದ. ರಕ್ಷಣೆಯ ಲೆಕ್ಕವೂ ಯಾವಾಗಲೂ ನೇರವಲ್ಲ. ಅಗತ್ತಿಯ ಲಗೂನ್‌ನಲ್ಲಿ ಹಸಿರು ಕಡಲಾಮೆಗಳು ಹೆಚ್ಚಾಗಿ ಕಡಲಹುಲ್ಲನ್ನು ಬುಡಸಮೇತ ಮೇಯ್ದುಬಿಟ್ಟವು. ಹುಲ್ಲಿನಲ್ಲಿ ಮರಿಯಿಡುವ ಮೀನು ಕಡಿಮೆಯಾಯಿತೆಂದು ಬೆಸ್ತರು ಆಮೆಯ ಮೇಲೆ ಸಿಟ್ಟಾದರು. ಹುಲ್ಲು ಮುಗಿದ ಮೇಲೆ ಆಮೆಗಳೂ ಬೇರೆ ಲಗೂನ್ ಹುಡುಕಿ ಹೋದವು.

ಉತ್ತರದ ಬಿತ್ರದಲ್ಲಿ 2011ರ ಗಣತಿಯಂತೆ 271 ಜನ. ಅದರ ದಿಬ್ಬದ ಒಂದು ಮೂಲೆಗೆ ವರ್ಷದ ಕೆಲವು ತಿಂಗಳು, ಅಮಾವಾಸ್ಯೆಯ ಆಸುಪಾಸಿನ ಕೆಲವೇ ದಿನ, ಗ್ರೂಪರ್ ಮೀನುಗಳು ಮೊಟ್ಟೆಯಿಡಲು ಜಾತ್ರೆಯಂತೆ ನೆರೆಯುತ್ತವೆ. ಇಷ್ಟು ದಟ್ಟಣೆಯ ಕೂಟ ಜಗತ್ತಿನ ಬೇರೆಡೆ ಈಗ ಅಪರೂಪ. ಏಕೆಂದರೆ ಬೇರೆಡೆಯ ಬೆಸ್ತರಿಗೂ ಪಂಚಾಂಗ ಓದಲು ಬರುತ್ತಿತ್ತು. ತಿಥಿ ಮತ್ತು ಜಾಗ ಎರಡೂ ಗೊತ್ತಿದ್ದವನಿಗೆ ಒಂದು ದೋಣಿ, ಎರಡು ರಾತ್ರಿ ಸಾಕು.