ಜಾಣ್ಮೆಯ ಜೂಜು ಕಾಯಕವಾದೀತೆ?

ದುಡಿಯದೆ ಬರುವ ಹಣಕ್ಕೆ ಈ ಕಾಲ ಇಟ್ಟ ಹೆಸರು ‘ಹವ್ಯಾಸದ ಗಳಿಕೆ’. ಮೊಬೈಲಿನಲ್ಲಿ ಹನ್ನೊಂದು ಆಟಗಾರರನ್ನು ಆರಿಸಿ ಹಣ ಹೂಡುವ ಫ್ಯಾಂಟಸಿ ಕ್ರಿಕೆಟ್ ಲೇಸೋ, ಆನ್‌ಲೈನ್ ಪೋಕರ್ ಲೇಸೋ ಎಂದು ವಿದ್ಯಾವಂತರೇ ವರ್ಷಗಟ್ಟಲೆ ಚರ್ಚಿಸಿದರು. ಎರಡರಲ್ಲಿಯೂ ಜಾಣ್ಮೆಯುಂಟು, ಆದುದರಿಂದ ಇವು ಜೂಜಲ್ಲವೆಂಬುದು ಅವರ ವಾದ. ಆ ವಾದವನ್ನು ಅದರ ತಕ್ಕಡಿಯಲ್ಲಿಯೇ ತೂಗಿ ನೋಡಬೇಕು.

ಪೋಕರಿನಲ್ಲಿ ಆಡುವವನು ಪ್ರತಿ ಸುತ್ತಿನಲ್ಲಿಯೂ ನಿರ್ಧರಿಸುತ್ತಾನೆ. ಎಲೆ ಕೆಟ್ಟುದಾದರೆ ಕೈಬಿಟ್ಟು ಹಿಂದೆ ಸರಿಯಬಲ್ಲ. ಫ್ಯಾಂಟಸಿಯಲ್ಲಿ ಪಂದ್ಯ ಆರಂಭವಾದೊಡನೆ ತಂಡಕ್ಕೆ ಬೀಗ ಬೀಳುತ್ತದೆ. ಆಮೇಲೆ ಯಾರೋ ಬಿಟ್ಟ ಕ್ಯಾಚಿಗೆ, ಎಲ್ಲಿಯೋ ಸುರಿದ ಮಳೆಗೆ ಅವನ ಹಣ ಅಧೀನ. ಹೀಗೆ ನೋಡಿದರೆ ಪೋಕರಿನ ಜಾಣ್ಮೆಯೇ ತುಸು ಹೆಚ್ಚೆನ್ನಬಹುದು. ಆದರೆ ಆ ಜಾಣ್ಮೆಗೆ ಫಲ ಕೊಡುವವರಾರು? ಎದುರಿಗೆ ಕುಳಿತ ಅರಿಯದವನಲ್ಲವೆ?

ಲೆಕ್ಕ ಸರಳವಾಗಿದೆ. ಹತ್ತು ಮಂದಿ ತಲಾ 100 ರೂಪಾಯಿ ಇಟ್ಟರೆ 1,000 ರೂಪಾಯಿ. ಆಟ ನಡೆಸುವವನು ಅದರಲ್ಲಿ 100 ರೂಪಾಯಿ ತೆಗೆದುಕೊಂಡರೆ, ಹತ್ತು ಮಂದಿಗೂ ಕೂಡಿ ಉಳಿಯುವುದು 900. ಆಟದಿಂದ ಒಂದು ಪೈಸೆಯೂ ಹುಟ್ಟಲಿಲ್ಲ. ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹರಿಯಿತು, ಹರಿಯುವಾಗ ಸೋರಿತು. ಅಮೆರಿಕದಲ್ಲಿ 2015ರ ಬೇಸ್‌ಬಾಲ್ ಋತುವಿನ ಮೊದಲರ್ಧವನ್ನು ಪರಿಶೀಲಿಸಿದ ಒಂದು ವಿಶ್ಲೇಷಣೆಯಂತೆ, ಫ್ಯಾಂಟಸಿ ಆಡಿದವರ ಲಾಭದಲ್ಲಿ ಶೇ. 91ರಷ್ಟು ಕೇವಲ ಶೇ. 1.3 ಮಂದಿಯ ಪಾಲಾಗಿತ್ತು. ಮಿಕ್ಕವರ ಹವ್ಯಾಸ ಆ ಕೆಲವರ ಆಹಾರ. ಜಾಣ್ಮೆ ಹೆಚ್ಚಿದಷ್ಟೂ ಬೇಟೆ ಸುಲಭವಾಯಿತೇ ಹೊರತು ಗಳಿಕೆ ಶುದ್ಧವಾಗಲಿಲ್ಲ.

ನ್ಯಾಯಾಲಯವೇ ಒಪ್ಪಿತ್ತಲ್ಲವೆ ಎಂದು ಕೆಲವರು ಕೇಳುತ್ತಾರೆ. ನಿಜ, ಆನ್‌ಲೈನ್ ಹಣದಾಟವನ್ನು ನಿಷೇಧಿಸಿದ 2021ರ ಕರ್ನಾಟಕ ಪೊಲೀಸ್ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಬಳಿಕ ಸಂಸತ್ತು ಅಂಗೀಕರಿಸಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯಿದೆಯು ಜಾಣ್ಮೆ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣವಿಟ್ಟು ಆಡಿಸುವುದನ್ನು ನಿಷೇಧಿಸಿತು. ಆದರೆ ಕಾನೂನು ಕೇಳುವುದು ಶಿಕ್ಷಾರ್ಹವೇ ಎಂದು. ಅಂತಃಕರಣ ಕೇಳುವುದು ಯಾರ ಬೆವರು ಎಂದು. ಶಿಕ್ಷೆಯಿಲ್ಲದ ಮಾತ್ರಕ್ಕೆ ಸಂಪಾದನೆ ಸತ್ಯಶುದ್ಧವಾಗದು.

ಒಕ್ಕಲಿಗನು ಉತ್ತರೆ ಊರಿಗೆ ಅನ್ನ. ನೇಕಾರನು ನೇಯ್ದರೆ ಮೈಗೆ ಬಟ್ಟೆ. ಅವರ ಲಾಭದೊಳಗೆ ಕೊಂಡವನ ಲಾಭವೂ ಅಡಗಿದೆ. ಪೋಕರಿನಲ್ಲಿ ಗೆದ್ದವನು ಲೋಕಕ್ಕೆ ಕೊಟ್ಟುದೇನು? ಸೋತವನ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಅವನ ಗೆಲುವಿನೊಳಗಿಲ್ಲವೆಂದು ಹೇಳಬಲ್ಲವರಾರು? ಅಂತಹ ಹಣದಿಂದ ದಾಸೋಹ ನಡೆಸಿದರೂ ಅದು ಒಬ್ಬರ ತಟ್ಟೆ ಕಸಿದು ಇನ್ನೊಬ್ಬರಿಗೆ ಬಡಿಸಿದಂತೆ.

ಆಟ ಬೇಡವೆಂದಲ್ಲ. ಕ್ರಿಕೆಟ್ ನೋಡಿ ನಲಿಯಲಿ, ಹಣವಿಲ್ಲದೆ ಎಲೆಯಾಡಿ ಬುದ್ಧಿಯನ್ನು ಚುರುಕುಗೊಳಿಸಲಿ. ಹಣವಿಟ್ಟ ಕ್ಷಣವೇ ಗೆಳೆಯನು ಗುರಿಯಾಗುತ್ತಾನೆ. ಎರಡರಲ್ಲಿ ಯಾವುದು ಲೇಸೆಂಬ ಪ್ರಶ್ನೆ, ಯಾವ ಕನ್ನದ ಬಾಯಿ ದೊಡ್ಡದೆಂದು ಅಳೆದಂತೆ. ಮನೆಯೊಡೆಯನಿಗೆ ಆ ಅಳತೆಯಿಂದ ಆಗುವುದೇನು?