'ಇನ್ನೆರಡು ವರ್ಷ' ಎಂಬ ಸುಸ್ತಿ ಸಾಲ

ಕಳೆದ ವರ್ಷ ಸಾನಪಾಡಾದ ನಮ್ಮ ಸೊಸೈಟಿ ಹಾಲಿನಲ್ಲಿ ಒಂದು ಭಾನುವಾರ ಉಪನ್ಯಾಸವಿತ್ತು. ಕೋಟು ತೊಟ್ಟ ಯುವಕರೊಬ್ಬರು ಬಂದು, 'ನಿಮ್ಮ ಬದುಕಿನ ಚುಕ್ಕಾಣಿ ನಿಮ್ಮ ಕೈಯಲ್ಲೇ ಇದೆ' ಎಂದು ಒಂದೂವರೆ ಗಂಟೆ ಹಿಂದಿಯಲ್ಲಿ ಮಾತಾಡಿದರು. ಕೊನೆಗೆ ಎಲ್ಲರಿಗೂ ಒಂದೊಂದು ಕಾಗದ ಹಂಚಿ, ಐದು ವರ್ಷದ ನಂತರ ಎಲ್ಲಿರುತ್ತೀರಿ ಬರೆಯಿರಿ ಅಂದರು. ನನ್ನ ಪಕ್ಕ ಕುಳಿತಿದ್ದ, ಎಪ್ಪತ್ತೈದು ದಾಟಿದ ಮಿತ್ರರು ಮೆಲ್ಲಗೆ, "ಗೋಡೆಯ ಮೇಲೆ, ಹಾರ ಹಾಕಿಸಿಕೊಂಡು" ಅಂದರು. ಇಬ್ಬರೂ ನಕ್ಕೆವು. ಕಾಗದವನ್ನು ಖಾಲಿಯೇ ಮಡಚಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಹೆಂಡತಿ ಅದನ್ನು ಬಿಡಿಸಿ ನೋಡಿದಳು. "ಏನೂ ಬರೀಲಿಲ್ವಾ? 'ಇನ್ನೆರಡು ವರ್ಷದಲ್ಲಿ ಊರಿಗೆ' ಅಂತ ಬರೀಬಹುದಿತ್ತಲ್ಲ. ಮದುವೆಯಾದಾಗಿನಿಂದ ಕೇಳ್ತಾ ಇದ್ದೇನೆ" ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದಳು. ಅದಕ್ಕೇ ಹೆಚ್ಚು ನಾಟಿತು. ನಮ್ಮ ಮದುವೆ ಆದದ್ದು 1987ರಲ್ಲಿ.

ಹೊರನಾಡಿನಲ್ಲಿ ಬಾಳಿದ ನನ್ನಂಥವರಿಗೆ ಈ ಲೇಖನ ಕಹಿಯಾದೀತು. ಆದರೂ ಹೇಳಿಯೇ ಬಿಡುತ್ತೇನೆ. ನಾವು ಮುಂಬಯಿಗೆ ಬಂದದ್ದೇನೋ ಗುರಿ ಇಟ್ಟುಕೊಂಡೇ. ಆದರೆ ಬಂದು ಹತ್ತು ಹದಿನೈದು ವರ್ಷವಾದ ಮೇಲೆ ನಮ್ಮ ಬದುಕನ್ನು ನಡೆಸಿದವರು ನಾವಲ್ಲ, 'ಇನ್ನೆರಡು ವರ್ಷ' ಎಂಬ ಎರಡು ಪದ. ತಂಗಿಯ ಮದುವೆ ಮುಗಿದರೆ ಸಾಕು, ಮಗನ ಹತ್ತನೇ ಕ್ಲಾಸು ಮುಗಿದರೆ ಸಾಕು, ಮನೆಸಾಲ ತೀರಿದರೆ ಸಾಕು, ರಿಟೈರ್ ಆದರೆ ಸಾಕು. ಈಗ ರಿಟೈರೂ ಆಯ್ತು. ಈಗಿನ ಮಾತು, 'ಮೊಮ್ಮಗು ಸ್ವಲ್ಪ ದೊಡ್ಡದಾಗಲಿ.'

ಮೊದಲು ಕೋಟಿನವರಿಗೆ ಒಂದು ಮಾತು. ಎಲ್ಲವೂ ನಮ್ಮ ಕೈಯಲ್ಲಿದೆ ಅನ್ನುವುದು ಸುಳ್ಳು, ಸ್ವಾಮೀ. 1982ರ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಶುರುವಾದಾಗ ನಾನು ಇದೇ ಮುಂಬಯಿಯಲ್ಲಿದ್ದೆ. ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಎಷ್ಟೋ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಪರೇಲ್, ಲಾಲ್‌ಬಾಗ್ ಕಡೆ ಗಿರಣಿಯವರನ್ನೇ ನಂಬಿದ್ದ ಹೋಟೆಲುಗಳಲ್ಲಿ ಉದ್ರಿ ಪುಸ್ತಕ ತುಂಬಿತು, ಗಲ್ಲಾ ಖಾಲಿಯಾಯಿತು. ಅವರಿಗೆ ಗುರಿ ಇರಲಿಲ್ಲವೇ? ಐದು ವರ್ಷದ ಕಾಗದ ತುಂಬಿದ್ದರೆ ಗಿರಣಿಯ ಭೋಂಗಾ ಮತ್ತೆ ಕೂಗುತ್ತಿತ್ತೇ?

ಹಾಗೆಂದು ಎಲ್ಲವೂ ಹಣೆಬರಹ, ಅನ್ನದ ಋಣ ಎಲ್ಲಿದೆಯೋ ಅಲ್ಲಿ ಇರ್ತೇವೆ ಎನ್ನುವ ನಮ್ಮವರ ಮಾತನ್ನೂ ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಕಣ್ಣಾರೆ ಕಂಡದ್ದು. 1976ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮಾವನ ಹೋಟೆಲಿಗೆ ಬಂದಾಗ, ಅಲ್ಲಿ ಮಲಗುತ್ತಿದ್ದ ಏಳು ಹುಡುಗರಲ್ಲಿ ಮೂವರು ರಾತ್ರಿ ಶಾಲೆಗೆ ಹೋಗುತ್ತಿದ್ದರು. ಬೆಳಗ್ಗೆ ಐದಕ್ಕೆ ಎದ್ದು ಇಡ್ಲಿ ಪಾತ್ರೆ ಇಳಿಸಿದ ಕೈಯಲ್ಲೇ ಸಂಜೆ ಪುಸ್ತಕ. ಈ ರಾತ್ರಿ ಶಾಲೆಗಳನ್ನು ಸರಕಾರ ಕೊಟ್ಟದ್ದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಊರು ಬಿಟ್ಟು ಬಂದವರು ತಮ್ಮ ಬೆವರಿನ ದುಡ್ಡಿನಲ್ಲಿ ಉಚಿತ ರಾತ್ರಿ ಶಾಲೆಗಳನ್ನು ನಡೆಸಿದರು. ಡಾ. ಅಂಬೇಡ್ಕರರು ಪೀಪಲ್ಸ್ ಎಜುಕೇಷನ್ ಸೊಸೈಟಿಯ ಮೂಲಕ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜಿನಲ್ಲಿ ಬೆಳಗಿನ ಹೊತ್ತೇ ತರಗತಿಗಳಿದ್ದವು, ದುಡಿಯುವವರೂ ಓದಲಿ ಎಂದು. ಇಂಥ ಬೆಳಗಿನ ಕಾಲೇಜುಗಳ ಪುಣ್ಯದಿಂದಲೇ ನಾನೂ ಬಿ.ಕಾಂ. ಮಾಡಿ ಬ್ಯಾಂಕಿಗೆ ಸೇರಿದೆ, ಸೇರಿದ ಮೇಲೆ ಎಂ.ಕಾಂ. ಮುಗಿಸಿದೆ.

ಆ ಮೂವರು ಹುಡುಗರ ಗುರಿಯಲ್ಲಿ ಏನಿತ್ತು ನೋಡಿ. ಒಂದು ತಾರೀಕು ಇತ್ತು: ಮಾರ್ಚಿನ ಪರೀಕ್ಷೆ. ಒಂದು ಬೆಲೆ ಇತ್ತು: ನಿದ್ದೆ. ಪ್ರತಿದಿನ ಕಟ್ಟುವ ಕಂತು ಇತ್ತು: ಸಂಜೆಯ ಮೂರು ಗಂಟೆ. ಈ ಮೂರೂ ಇಲ್ಲದ್ದನ್ನು ನಾನು ಗುರಿ ಎನ್ನುವುದಿಲ್ಲ, ಹಗಲುಗನಸು ಎನ್ನುತ್ತೇನೆ. ನಮ್ಮ ಕೈಯಲ್ಲಿರುವುದು ಕಂತು ಮಾತ್ರ. ಫಲ ಗಿರಣಿ ಮಾಲಕನ ಕೈಯಲ್ಲಿರಬಹುದು, ದೇವರ ಕೈಯಲ್ಲಿರಬಹುದು.

ಇದು ನಮ್ಮ ಕರಾವಳಿಯವರಿಗೆ ಹೊಸ ಪಾಠವೇನಲ್ಲ. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟನೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಮರೆಯಾಯಿತು, ಪಾಠ ಮರೆಯಾಗಬೇಕಿಲ್ಲ. ಹನಿ ಹನಿ ಕೂಡಿದರೆ ಹಳ್ಳ ನಿಜ, ಆದರೆ ಹನಿ ಬೀಳಬೇಕಲ್ಲ ಮಾರಾಯ್ರೆ!

ಬ್ಯಾಂಕಿನ ಭಾಷೆಯಲ್ಲೇ ಇನ್ನೊಂದು ಮಾತು. 2004ರ ಮಾರ್ಚಿನಿಂದ ನಮಗೆ ನಿಯಮ ಬಂತು: ಬಡ್ಡಿಯೋ ಕಂತೋ 90 ದಿನ ಮೀರಿ ಬಾಕಿಯಾದರೆ ಆ ಸಾಲ ಎನ್‌ಪಿಎ. ಮುಲಾಜಿಲ್ಲ. ಕೆಲವು ಜಾಣರು ಏನು ಮಾಡುತ್ತಿದ್ದರು? ಹಳೇ ಸಾಲ ತೀರಿಸಲು ಹೊಸ ಸಾಲ ಕೊಟ್ಟು, ರಿನ್ಯೂ ಮಾಡಿ, ಪುಸ್ತಕದಲ್ಲಿ ಎಲ್ಲ ಹಸಿರಾಗಿಯೇ ತೋರಿಸುತ್ತಿದ್ದರು. ಒಳಗೆ ಮರ ಒಣಗಿರುತ್ತಿತ್ತು. ನಮ್ಮ 'ಇನ್ನೆರಡು ವರ್ಷ' ಅದೇ ಜಾತಿಯದು. ಪ್ರತಿ ಎರಡು ವರ್ಷಕ್ಕೊಮ್ಮೆ ರಿನ್ಯೂ. ಒಂದು ಪೈಸೆ ಕಟ್ಟಿಲ್ಲ, ಖಾತೆ ಮಾತ್ರ ಚೊಕ್ಕ!

'ಎಲ್ಲ ಮಕ್ಕಳಿಗಾಗಿ ಮಾಡಿದ್ದು' ಎಂದು ನೀವು ಹೇಳಬಹುದು. ನಾನೂ ಹಾಗೇ ಬರೆದುಕೊಟ್ಟಿದ್ದೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಶುರುವಾಗಿ ಊರು ಹತ್ತಿರವಾಗಿತ್ತು. 2000ದಲ್ಲಿ ನನಗೆ ಊರ ಕಡೆಯ ಶಾಖೆಗೆ ವರ್ಗ ಸಿಗುವ ಅವಕಾಶ ಬಂತು. ಹೆಂಡತಿಗೆ ಖುಷಿಯೋ ಖುಷಿ. ಅವಳ ತಾಯಿ ಕಾರ್ಕಳದ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಬೇಡವೆಂದು ಅರ್ಜಿ ಬರೆದೆ. ಕಾರಣದ ಜಾಗದಲ್ಲಿ 'ಮಕ್ಕಳ ವಿದ್ಯಾಭ್ಯಾಸ' ಎಂದು ಹಾಕಿದೆ. ಮಗ ಏಳನೇ ಕ್ಲಾಸು, ಮಗಳು ನಾಲ್ಕನೇ ಕ್ಲಾಸು. ಕಾರ್ಕಳದಲ್ಲಿ ಶಾಲೆಗಳಿಲ್ಲವೇ? ನಿಜವಾದ ಕಾರಣ ಬೇರೆ. ಮುಂಬಯಿಯಲ್ಲಿ ಇಪ್ಪತ್ತೈದು ವರ್ಷ ಇದ್ದು ಏನು ಮಾಡಿದೆ ಎಂದು ಊರಿನವರು ಕೇಳಿಯಾರು ಎಂಬ ಅಂಜಿಕೆ. ರಜೆಯಲ್ಲಿ ಹೋದರೆ ನಾನು ಮುಂಬಯಿ ಆಫೀಸರ್, ಅಲ್ಲಿಯೇ ನೆಲೆಸಿದರೆ ಎಲ್ಲರಂತೆ ಒಬ್ಬ. ಅದನ್ನು ಅರ್ಜಿಯಲ್ಲಿ ಬರೆಯಲಿಕ್ಕಾಗುತ್ತದೆಯೇ? ಹೆಂಡತಿಗೆ ಮಾತ್ರ, "ಇನ್ನೆರಡು ವರ್ಷ, ಆಮೇಲೆ ಖಂಡಿತ" ಅಂದೆ.

ಅತ್ತೆ ತೀರಿಕೊಂಡದ್ದು 2003ರಲ್ಲಿ. ಫೋನು ಬಂದಾಗ ರಾತ್ರಿ ಹತ್ತು ಗಂಟೆ. ನಾವು ಮುಟ್ಟುವಾಗ ಎಲ್ಲ ಮುಗಿದಿತ್ತು. ಹೆಂಡತಿ ಅಂದೂ ನನ್ನನ್ನು ಏನೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಇದನ್ನು ಇಲ್ಲಿ ಬರೆಯುವುದು ಕರುಣೆ ಗಿಟ್ಟಿಸಲಿಕ್ಕಲ್ಲ. 'ಮಕ್ಕಳಿಗಾಗಿ' ಎಂಬ ಚಾದರದ ಕೆಳಗೆ ನಮ್ಮ ಹೆದರಿಕೆಗಳು ಬೆಚ್ಚಗೆ ಮಲಗಿರುತ್ತವೆ ಎಂದು ತೋರಿಸಲಿಕ್ಕೆ. ಮಕ್ಕಳು ದೊಡ್ಡವರಾಗಿ ಬೆಂಗಳೂರಿಗೋ ಅಮೆರಿಕಕ್ಕೋ ಹೋಗುತ್ತಾರೆ. ಅವರು ನಮ್ಮನ್ನು ಕೇಳಿರಲಿಲ್ಲ, 'ನಮಗಾಗಿ ನಿಮ್ಮ ಮನಸ್ಸು ಕಟ್ಟಿಡಿ' ಎಂದು. ಆಮೇಲೆ ನಾವು ಬಿಲ್ಲು ಕಳಿಸಿದರೆ ಅವರು ಯಾಕೆ ಕೊಡಬೇಕು? ಇನ್ನೂ ದೊಡ್ಡ ಅನ್ಯಾಯ ಹೆಂಗಸರಿಗೆ. ಮನೆಯ ಗುರಿ ಎಂದು ನಾವು ಕರೆದದ್ದರಲ್ಲಿ ಅವರ ಸಹಿ ಎಲ್ಲಿತ್ತು? ಜಂಟಿ ಖಾತೆ ಅನ್ನುತ್ತೇವೆ, ನಡೆಸುವವನು ಒಬ್ಬನೇ.

ಹಾಗಾದರೆ ಎಲ್ಲರೂ ಊರಿಗೆ ಹೋಗಬೇಕೇ? ಖಂಡಿತ ಅಲ್ಲ. ಹೋಗುವುದಾದರೆ ತಾರೀಕು ಹಾಕಿ ಹೋಗಿ. ಹೋಗುವುದಿಲ್ಲವೆಂದರೆ 'ಹೋಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳಿ, ಆ ಸಾಲವನ್ನು ರೈಟಾಫ್ ಮಾಡಿ. 'ಇಲ್ಲ' ಎಂಬುದೂ ಒಂದು ತೀರ್ಮಾನವೇ. ಎರಡೂ ಅಲ್ಲದೆ ಒಂದು ಕಾಲು ವಾಶಿಯ ಸೇತುವೆಯ ಈಚೆ, ಇನ್ನೊಂದು ಕಾಲು ಘಟ್ಟದ ಕೆಳಗೆ ಇಟ್ಟುಕೊಂಡವನು ಎರಡೂ ಕಡೆ ನೆಂಟನಾಗಿಯೇ ಸಾಯುತ್ತಾನೆ. ಇಲ್ಲಿ ನೆರೆಯವರ ಹೆಸರು ಗೊತ್ತಿಲ್ಲ, ಅಲ್ಲಿ ನಮ್ಮ ಹೆಸರು ಯಾರಿಗೂ ನೆನಪಿಲ್ಲ.

ಆ ಭಾನುವಾರದ ಕಾಗದವನ್ನು ನಾವಿಬ್ಬರೂ ವಾರದ ನಂತರ ಮೇಜಿನ ಮೇಲೆ ಇಟ್ಟುಕೊಂಡು ಕೂತೆವು. ಈ ಸಲ ಪೆನ್ನು ಅವಳ ಕೈಯಲ್ಲಿತ್ತು. "ನನಗೆ ಈಗ ಊರು ಬೇಡ. ಅಮ್ಮ ಇದ್ದಾಗ ಬೇಕಿತ್ತು" ಅಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಬರೆದಳು: ಕಾರ್ಕಳದ ಬೀಗ ಹಾಕಿದ ಮನೆಯನ್ನು ಮೇ ತಿಂಗಳೊಳಗೆ ಬಾಡಿಗೆಗೆ ಕೊಡುವುದು. ನಾವು ಸಾನಪಾಡಾದವರು. ಅವಳು ಬಾಲ್ಯದಲ್ಲಿ ಬಿಟ್ಟ ಸಂಗೀತವನ್ನು ವಾರಕ್ಕೆರಡು ದಿನ ಕಲಿಯುವುದು. ಕೊನೆಯ ಸಾಲನ್ನು ನಾನು ಬರೆದೆ: ವಾರಕ್ಕೆರಡು ಸಂಜೆ, ದುಡಿಯುತ್ತ ಓದುವ ಹುಡುಗರಿಗೆ ಅಕೌಂಟ್ಸ್ ಹೇಳಿಕೊಡುವುದು, ಜೂನ್ ಒಂದರಿಂದ.

ಮನೆಗೆ ಬಾಡಿಗೆದಾರರು ಬಂದಿದ್ದಾರೆ, ಒಬ್ಬ ಶಾಲಾ ಮೇಷ್ಟ್ರ ಕುಟುಂಬ. ಅಂಗಳದಲ್ಲಿ ಮಕ್ಕಳು ಆಡುತ್ತಾರಂತೆ. ಹೆಂಡತಿಯ ಸಂಗೀತ ಇನ್ನೂ ಸರಳೆ ವರಸೆಯಲ್ಲಿದೆ. ನನ್ನ ಹತ್ತಿರ ಬರುವ ಹುಡುಗರು ನಾಲ್ಕೇ ಮಂದಿ. ಒಬ್ಬ ಇಲ್ಲಿನ ಎಪಿಎಂಸಿ ಮಾರ್ಕೆಟಿನಲ್ಲಿ ಹಗಲು ಈರುಳ್ಳಿ ಮೂಟೆಯ ಲೆಕ್ಕ ಬರೆಯುವವನು. ಮೊನ್ನೆ ಡೆಬಿಟ್ಟು ಕ್ರೆಡಿಟ್ಟು ಹೇಳಿಕೊಡುವಾಗ ಅವನಿಗೆ ತೂಕಡಿಕೆ ಬಂತು. ಬೈಯಲಿಲ್ಲ. ಆ ನಿದ್ದೆಯ ಬೆಲೆ ನನಗೆ ಗೊತ್ತು.

ನಿಮ್ಮ ಕಾಗದ ಇನ್ನೂ ಖಾಲಿ ಇದೆಯೇ? 90 ದಿನದ ಗಡುವು ಕೊಟ್ಟುಕೊಳ್ಳಿ. ಬರೆಯುವಾಗ ಪೆನ್ನನ್ನು ಒಮ್ಮೆ ಮನೆಯವರ ಕೈಗೂ ಕೊಡಿ.